ಮಲೆನಾಡಿನಿಂದ ಮರಳುಗಾಡಿಗೆ: ಉಜ್ಬೇಕಿಸ್ತಾನವನ್ನು ಒಬ್ಬರೇ ಸುತ್ತುವವರಿಗೆ ಸಮಗ್ರ ಮಾರ್ಗದರ್ಶಿ

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಉಜ್ಬೇಕಿಸ್ತಾನದ ಕಿಜಿಲ್‌ಕುಮ್ ಮರುಭೂಮಿಯಲ್ಲಿ ಬೀಳುವುದು ನೂರರಿಂದ ಇನ್ನೂರು ಮಿಲಿಮೀಟರ್. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಕೊಪ್ಪದ ಕಡೆಯಿಂದ ಹೊರಡುವವರು ಮೊದಲು ಈ ಎರಡು ಅಂಕಿ ನೆನಪಿಟ್ಟುಕೊಳ್ಳಬೇಕು. ನಮ್ಮ ಮೈ ಬೆಳೆದದ್ದು ತೇವದ ಗಾಳಿಯಲ್ಲಿ. ಅಲ್ಲಿ ಕಷ್ಟ ಕೊಡುವುದು ಭಾಷೆಯಲ್ಲ, ಜನರೂ ಅಲ್ಲ, ಒಣಗಾಳಿ.

ಒಬ್ಬರೇ ಹೋಗುವ ಮೊದಲ ವಿದೇಶ ಪ್ರಯಾಣಕ್ಕೆ ನಾನು ಉಜ್ಬೇಕಿಸ್ತಾನವನ್ನೇ ಹೇಳುತ್ತೇನೆ. ಕಾರಣ ಇದೆ. ದಿಲ್ಲಿಯಿಂದ ನೇರ ವಿಮಾನದಲ್ಲಿ ಮೂರು ಗಂಟೆಯ ಆಸುಪಾಸಿನ ದಾರಿ. ಭಾರತೀಯರಿಗೆ ಮನೆಯಲ್ಲೇ ಕೂತು ವೀಸಾ ತೆಗೆದುಕೊಳ್ಳಬಹುದು. ಖೀವಾ, ಬುಖಾರಾ, ಸಮರ್ಕಂದ್, ತಾಷ್ಕೆಂಟ್ ಹೀಗೆ ನಾಲ್ಕು ಊರುಗಳೂ ರೈಲಿನ ದಾರಿಯಲ್ಲೇ ಸಿಗುತ್ತವೆ. ಇದರಲ್ಲಿ ಮೊದಲ ಮೂರೂ ಯುನೆಸ್ಕೋ ಪಟ್ಟಿಯಲ್ಲಿವೆ. ಮರುಭೂಮಿಯೂ ಅದೇ ದಾರಿಯಲ್ಲಿದೆ.

ಇಡೀ ತಯಾರಿಗೆ ಒಂದೇ ಸೂತ್ರ. ಕಾಗದಪತ್ರ, ನೀರು, ಮೊದಲ ರಾತ್ರಿಯ ಕೋಣೆ ಈ ಮೂರನ್ನು ಬಿಗಿಯಾಗಿ ಹಿಡಿಯಿರಿ. ಉಳಿದದ್ದನ್ನು ಸಡಿಲ ಬಿಡಿ. ಒಬ್ಬರೇ ಹೋಗುವುದು ಅದಕ್ಕೇ ಅಲ್ವಾ?

ಯಾವಾಗ ಹೊರಡಬೇಕು

ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್–ಅಕ್ಟೋಬರ್. ಜೂನ್ ಕೊನೆಯಿಂದ ಆಗಸ್ಟ್ ಮೊದಲ ವಾರದವರೆಗೆ ಅಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಜನವರಿಯಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಈ ಎರಡೂ ಕಾಲ ಬೇಡ.

ಅಡಿಕೆ ತೋಟ ಇರುವವರಿಗೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಒಳ್ಳೆಯ ಬಿಡುವು. ಕೊಳೆರೋಗಕ್ಕೆ ಔಷಧಿ ಹೊಡೆಯುವ ಕೆಲಸ ಮುಗಿದಿರುತ್ತದೆ, ಅಡಿಕೆ ಗೊನೆಯ ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ. ಅಲ್ಲಿ ಆಗ ದ್ರಾಕ್ಷಿ, ದಾಳಿಂಬೆ, ಕರ್ಬೂಜದ ಸುಗ್ಗಿ. ನವರಾತ್ರಿಯೂ ಇದೇ ಹೊತ್ತಿಗೆ ಬರುವುದರಿಂದ ಮನೆಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಎಷ್ಟು ದಿನ? ಹತ್ತು ದಿನಕ್ಕಿಂತ ಕಡಿಮೆ ಇದ್ದರೆ ಒಂದು ಊರನ್ನು ಬಿಟ್ಟುಬಿಡಿ. ಓಡಿ ಓಡಿ ನಾಲ್ಕು ಊರು ನೋಡುವುದಕ್ಕಿಂತ ನಿಂತು ಮೂರು ಊರು ನೋಡುವುದು ಮೇಲು. ಎರಡು ವಾರ ಸಿಕ್ಕರೆ ಎಲ್ಲವೂ ನೆಮ್ಮದಿಯಾಗಿ ಆಗುತ್ತದೆ.

ಮೊದಲು ಬೀದರ್‌ಗೆ ಹೋಗಿ ಬನ್ನಿ

ಇದನ್ನು ಯಾರೂ ಹೇಳುವುದಿಲ್ಲ, ಆದರೆ ನನಗೆ ಇದು ತುಂಬ ಮುಖ್ಯ ಅನಿಸುತ್ತದೆ. ವಿದೇಶಕ್ಕೆ ಮುಂಚೆ ನಮ್ಮದೇ ರಾಜ್ಯದ ಒಣ ಸೀಮೆಗೆ ಒಬ್ಬರೇ ಹೋಗಿ. ವಿಜಯಪುರ, ಕಲಬುರಗಿ, ಬೀದರ್. ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಹೋದರೆ ಒಣಗಾಳಿಯ ಪರಿಚಯವೂ ಆಗುತ್ತದೆ. ಒಬ್ಬರೇ ಕೋಣೆ ಹಿಡಿಯುವುದು, ಒಬ್ಬರೇ ಕೂತು ಉಣ್ಣುವುದು, ಸಂಜೆಯ ಹೊತ್ತನ್ನು ಕಳೆಯುವುದು, ಹೊಸ ಊರಿನಲ್ಲಿ ದಾರಿ ಕೇಳುವುದು ಎಲ್ಲ ಅಲ್ಲೇ ಅಭ್ಯಾಸವಾಗಲಿ. ಭಾಷೆ ನಮ್ಮದೇ ಆದ್ದರಿಂದ ಹೆಚ್ಚುಕಮ್ಮಿ ಆದರೂ ಚಿಂತೆಯಿಲ್ಲ.

ಬೀದರ್ ಇನ್ನೊಂದು ಕಾರಣಕ್ಕೂ ಬೇಕು. ಅಲ್ಲಿನ ಮಹಮೂದ್ ಗವಾನ್ ಮದರಸಾ 1472ರಲ್ಲಿ ಕಟ್ಟಿದ್ದು. ಗವಾನ್ ಇರಾನಿನ ಗೀಲಾನ್ ಸೀಮೆಯಿಂದ ಬಂದು ಬಹಮನಿ ಸುಲ್ತಾನರ ಮಂತ್ರಿಯಾದವನು. ನಡುವೆ ಅಂಗಳ, ಸುತ್ತ ವಿದ್ಯಾರ್ಥಿಗಳ ಕೋಣೆಗಳು, ಮೂಲೆಯಲ್ಲಿ ಮಿನಾರು, ಗೋಡೆಗೆ ಬಣ್ಣದ ಮೆರುಗಿನ ಹೆಂಚು. ಈ ವಿನ್ಯಾಸ ಮಧ್ಯ ಏಷ್ಯಾದ ಮದರಸಾಗಳದ್ದು. ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಮುಂಭಾಗದ ದೊಡ್ಡ ಪಾಲು ಬಿದ್ದುಹೋಯಿತು. ಉಳಿದ ಮಿನಾರಿನ ಮೇಲೆ ನೀಲಿ ಹೆಂಚಿನ ತುಂಡುಗಳು ಇವತ್ತಿಗೂ ಕಾಣುತ್ತವೆ. ಅದನ್ನು ನೋಡಿದ ಕಣ್ಣಿಗೆ ಸಮರ್ಕಂದ್ ಬೇರೆಯೇ ರೀತಿ ತೆರೆದುಕೊಳ್ಳುತ್ತದೆ.

ಕಾಗದಪತ್ರ

ಪಾಸ್‌ಪೋರ್ಟ್ ಇಲ್ಲದವರು ಶಿವಮೊಗ್ಗದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಅರ್ಜಿಯ ಕೆಲಸ ಮುಗಿಸಬಹುದು. ಮೊದಲು ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, ದಿನ ಗೊತ್ತು ಮಾಡಿಕೊಳ್ಳಬೇಕು. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ 1,500 ರೂಪಾಯಿ. ಆಮೇಲೆ ಪೊಲೀಸ್ ಪರಿಶೀಲನೆ ಇರುತ್ತದೆ. ಪಾಸ್‌ಪೋರ್ಟ್ ಇದ್ದವರು ವಾಪಸ್ ಬರುವ ದಿನದಿಂದ ಕನಿಷ್ಠ ಆರು ತಿಂಗಳು ಅವಧಿ ಉಳಿದಿದೆಯೇ ನೋಡಿ.

ನಮ್ಮ ಕಡೆಯವರಿಗೆ ಹೆಸರಿನದೇ ದೊಡ್ಡ ತೊಡಕು. ಆಧಾರ್‌ನಲ್ಲಿ ಇನಿಷಿಯಲ್, ಬ್ಯಾಂಕಿನಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ವೀಸಾ, ವಿಮಾನದ ಟಿಕೆಟ್, ರೈಲಿನ ಟಿಕೆಟ್ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವ ಹೆಸರೇ ಅಕ್ಷರ ತಪ್ಪದೆ ಇರಬೇಕು. ಸರ್‌ನೇಮ್ ಖಾಲಿ ಇದ್ದರೆ ಟಿಕೆಟ್ ತೆಗೆಯುವ ಮೊದಲೇ ವಿಮಾನ ಕಂಪನಿಗೆ ಫೋನ್ ಮಾಡಿ, ಆ ಜಾಗದಲ್ಲಿ ಏನು ಬರೆಯಬೇಕು ಅಂತ ಕೇಳಿ.

ವೀಸಾಕ್ಕೆ ಸರ್ಕಾರಿ ತಾಣ ಒಂದೇ: ಇ-ವೀಸಾ ಡಾಟ್ ಗವ್ ಡಾಟ್ ಯುಝಡ್ (e-visa.gov.uz). ಹುಡುಕಿದಾಗ ಇದೇ ಥರದ ಹೆಸರಿನ ಏಜೆಂಟರ ತಾಣಗಳು ಮೇಲೆ ಬರುತ್ತವೆ, ಅವು ಜಾಸ್ತಿ ದುಡ್ಡು ಕೇಳುತ್ತವೆ. 30 ದಿನದ, ಒಂದು ಸಲ ಒಳಹೋಗುವ ವೀಸಾಕ್ಕೆ 20 ಡಾಲರ್. ಸಾಮಾನ್ಯವಾಗಿ ಮೂರು ಕೆಲಸದ ದಿನಗಳಲ್ಲಿ ಮಿಂಚಂಚೆಗೆ ಬರುತ್ತದೆ. ಆದರೂ ಹೊರಡುವುದಕ್ಕೆ ಎರಡು ಮೂರು ವಾರ ಇರುವಾಗಲೇ ಹಾಕಿ. ಬಂದಮೇಲೆ ಎರಡು ಪ್ರತಿ ಮುದ್ರಿಸಿಕೊಳ್ಳಿ. ಬರೀ ಮೊಬೈಲಿನಲ್ಲಿ ಇಟ್ಟುಕೊಂಡರೆ ಚಾರ್ಜ್ ಮುಗಿದ ಹೊತ್ತಿಗೇ ಅದು ಬೇಕಾಗುತ್ತದೆ.

ಅಲ್ಲಿ ಹೋದಮೇಲೆ ಇನ್ನೊಂದು ನಿಯಮ ಇದೆ. ಬಂದ ಮೂರು ದಿನದೊಳಗೆ ನೀವು ಎಲ್ಲಿ ಉಳಿದಿದ್ದೀರಿ ಅನ್ನುವುದು ನೋಂದಣಿಯಾಗಬೇಕು. ಗೆಸ್ಟ್‌ಹೌಸ್‌ನವರೇ ಇದನ್ನು ಮಾಡುತ್ತಾರೆ. ಪ್ರತಿ ಊರಿನಲ್ಲೂ ಚೆಕ್‌ಇನ್ ಹೊತ್ತಿಗೆ ನೋಂದಣಿ ಆಗಿದೆಯೇ ಕೇಳಿ, ಚೀಟಿ ಕೊಟ್ಟರೆ ತೆಗೆದಿಟ್ಟುಕೊಳ್ಳಿ. ರಾತ್ರಿ ರೈಲಿನಲ್ಲಿ ಕಳೆದರೆ ಆ ಟಿಕೆಟ್ ಜೋಪಾನ ಮಾಡಿ. ಯಾರದಾದರೂ ಮನೆಯಲ್ಲಿ ಸುಮ್ನೆ ಉಳಿದುಬಿಡುವುದು ಬೇಡ.

ಔಷಧಿಯ ವಿಷಯದಲ್ಲಿ ಅಲ್ಲಿ ತುಂಬಾ ಕಟ್ಟುನಿಟ್ಟು. ಕೊಡೀನ್, ಟ್ರಮಡಾಲ್ ಇರುವ ನೋವಿನ ಮಾತ್ರೆ, ಕೆಮ್ಮಿನ ಸಿರಪ್, ನಿದ್ದೆ ಮಾತ್ರೆಗಳಿಗೆ ನಿರ್ಬಂಧವಿದೆ. ಮನೆಯ ಔಷಧಿ ಡಬ್ಬಿಯನ್ನು ಹಾಗೇ ಬ್ಯಾಗಿಗೆ ಸುರಿಯಬೇಡಿ. ಒಂದೊಂದೇ ಹೆಸರು ಓದಿ ಹಾಕಿ. ಬಿಪಿ, ಶುಗರ್ ಮಾತ್ರೆಗಳನ್ನು ಅದರದೇ ಸ್ಟ್ರಿಪ್‌ನಲ್ಲಿ, ಡಾಕ್ಟರ ಚೀಟಿಯ ಜೊತೆ ಇಡಿ. ಡ್ರೋನ್ ಮನೆಯಲ್ಲೇ ಬಿಡಿ, ಅಲ್ಲಿ ನಿಷೇಧವಿದೆ. ಪ್ರಯಾಣದ ವಿಮೆ ಮಾಡಿಸಿ, ಅದರ ಫೋನ್ ನಂಬರನ್ನು ಕಾಗದದಲ್ಲಿ ಬರೆದುಕೊಳ್ಳಿ.

ದಾರಿ: ದೂರದ ಊರು ಮೊದಲು

ಹೆಚ್ಚಿನವರು ತಾಷ್ಕೆಂಟ್‌ನಿಂದ ಸಮರ್ಕಂದ್, ಆಮೇಲೆ ಬುಖಾರಾ, ಕೊನೆಗೆ ಖೀವಾ ಅಂತ ಹೋಗುತ್ತಾರೆ. ನನ್ನ ಸಲಹೆ ಇದಕ್ಕೆ ತಿರುಗುಮುರುಗು. ತಾಷ್ಕೆಂಟ್‌ನಲ್ಲಿ ಒಂದು ರಾತ್ರಿ ಮಲಗಿ, ಮಾರನೇ ದಿನ ದೇಶದೊಳಗಿನ ವಿಮಾನದಲ್ಲಿ ಉರ್ಗೆಂಚ್‌ಗೆ ಹೋಗಿ. ಅಲ್ಲಿಂದ ಖೀವಾ ಸುಮಾರು 30 ಕಿಲೋಮೀಟರ್. ಆಮೇಲೆ ರೈಲಿನಲ್ಲಿ ಬುಖಾರಾ, ಸಮರ್ಕಂದ್ ನೋಡುತ್ತಾ ತಾಷ್ಕೆಂಟ್‌ಗೆ ಹಿಂತಿರುಗಿ. ಹೀಗೆ ಮಾಡಿದರೆ ದಿನ ಕಳೆದಂತೆ ನೀವು ವಾಪಸ್ ವಿಮಾನಕ್ಕೆ ಹತ್ತಿರವಾಗುತ್ತಾ ಬರುತ್ತೀರಿ. ಒಬ್ಬರೇ ಇರುವಾಗ ಜ್ವರ ಬಂದರೂ, ಒಂದು ರೈಲು ತಪ್ಪಿದರೂ ಅದರಿಂದ ದೊಡ್ಡ ಧೈರ್ಯ. ಊರುಗಳೂ ಸಣ್ಣದರಿಂದ ದೊಡ್ಡದಕ್ಕೆ ಬೆಳೆಯುತ್ತವೆ. ಖೀವಾದ ಕೋಟೆಯೊಳಗೆ ಯಾರೂ ಕಳೆದುಹೋಗುವುದಿಲ್ಲ. ಮೊದಲ ಎರಡು ದಿನದ ಅಳುಕು ಅಲ್ಲೇ ಕರಗುತ್ತದೆ.

ಅಫ್ರೋಸಿಯೋಬ್ ಅನ್ನುವ ವೇಗದ ರೈಲು ತಾಷ್ಕೆಂಟ್–ಸಮರ್ಕಂದ್ ನಡುವಿನ 344 ಕಿಲೋಮೀಟರನ್ನು ಎರಡು ಗಂಟೆ ಚಿಲ್ಲರೆಯಲ್ಲಿ ಮುಗಿಸುತ್ತದೆ. ಬುಖಾರಾಕ್ಕೂ ಹೋಗುತ್ತದೆ. ಇದರ ಟಿಕೆಟ್ ಬೇಗ ಖಾಲಿಯಾಗುತ್ತದೆ. ಉಜ್ಬೇಕಿಸ್ತಾನ್ ರೈಲ್ವೆಯ ಆ್ಯಪ್‌ನಲ್ಲಿ ಮಾರಾಟ ಶುರುವಾದ ಕೂಡಲೇ ತೆಗೆಯಿರಿ. ಸಿಗದಿದ್ದರೆ ಸಾಮಾನ್ಯ ರೈಲುಗಳಿವೆ, ಅವೂ ಚೆನ್ನಾಗಿಯೇ ಇವೆ. ತಾಷ್ಕೆಂಟ್‌ನಲ್ಲಿ ಉತ್ತರ, ದಕ್ಷಿಣ ಅಂತ ಎರಡು ನಿಲ್ದಾಣಗಳಿವೆ, ಟಿಕೆಟ್‌ನಲ್ಲಿ ಯಾವುದು ಅಂತ ನೋಡಿಕೊಳ್ಳಿ. ಬುಖಾರಾದ ನಿಲ್ದಾಣ ಇರುವುದು ಕಾಗಾನ್ ಅನ್ನುವ ಪಕ್ಕದ ಊರಿನಲ್ಲಿ. ಹಳೇ ಊರಿಗೆ ಅಲ್ಲಿಂದ ಟ್ಯಾಕ್ಸಿ ಬೇಕು. ನಿಲ್ದಾಣಕ್ಕೆ ಒಳಹೋಗುವಾಗಲೇ ಪಾಸ್‌ಪೋರ್ಟ್, ಸಾಮಾನಿನ ತಪಾಸಣೆ ಇರುತ್ತದೆ, ಮುಕ್ಕಾಲು ಗಂಟೆ ಮುಂಚೆ ಇರಿ.

ಇತ್ತ ಕಡೆಯ ದಾರಿಗೆ ಒಂದೇ ಮಾತು. ತಾಳಗುಪ್ಪದಿಂದ ಬರುವ ರಾತ್ರಿ ರೈಲನ್ನೋ ಶಿವಮೊಗ್ಗದಿಂದ ವಿಮಾನವನ್ನೋ ನಂಬಿ ಅದೇ ದಿನದ ದಿಲ್ಲಿ ವಿಮಾನಕ್ಕೆ ಟಿಕೆಟ್ ತೆಗೆಯಬೇಡಿ. ಹಿಂದಿನ ದಿನವೇ ಬೆಂಗಳೂರು ಸೇರಿ.

ದುಡ್ಡು, ಫೋನ್

ಅಲ್ಲಿನ ನಾಣ್ಯ ಸೋಮ್. ಒಂದು ಡಾಲರ್‌ಗೆ ಹತ್ತು ಸಾವಿರಕ್ಕೂ ಜಾಸ್ತಿ ಸೋಮ್ ಬರುವುದರಿಂದ ಸೊನ್ನೆಗಳು ಮೊದಲ ದಿನ ತಲೆ ಕೆಡಿಸುತ್ತವೆ. ನೂರು ರೂಪಾಯಿಗೆ ಎಷ್ಟು, ಸಾವಿರಕ್ಕೆ ಎಷ್ಟು ಅಂತ ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಹೊಸ, ಮಡಿಕೆ ಬೀಳದ ಡಾಲರ್ ನೋಟು ಒಯ್ಯಿರಿ, ಹರಿದ ಅಥವಾ ಗೀಚಿದ ನೋಟನ್ನು ಬ್ಯಾಂಕಿನವರು ತೆಗೆದುಕೊಳ್ಳುವುದಿಲ್ಲ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯ ಬ್ಯಾಂಕ್ ಕಾರ್ಡ್ ಎರಡು ಇರಲಿ, ಬೇರೆ ಬೇರೆ ಕಡೆ ಇಡಿ. ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮೊದಲಿಂದ ಬಂದ್ ಆಗಿರುತ್ತದೆ. ಹೊರಡುವ ಮುನ್ನ ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಚಾಲೂ ಮಾಡಿ. ಯುಪಿಐ ನಂಬಿ ಹೋಗಬೇಡಿ. ಹಳೇ ಊರುಗಳ ಗೆಸ್ಟ್‌ಹೌಸ್ ಕೋಣೆಗೆ ಸಾಮಾನ್ಯವಾಗಿ 20ರಿಂದ 50 ಡಾಲರ್, ಬೆಳಗಿನ ತಿಂಡಿ ಸೇರಿ.

ಸಿಮ್ ಅನ್ನು ತಾಷ್ಕೆಂಟ್ ವಿಮಾನ ನಿಲ್ದಾಣದಲ್ಲೇ ಪಾಸ್‌ಪೋರ್ಟ್ ತೋರಿಸಿ ಕೊಳ್ಳಿ. ಯಾಂಡೆಕ್ಸ್ ಗೋ ಅನ್ನುವ ಟ್ಯಾಕ್ಸಿ ಆ್ಯಪ್ ಊರಲ್ಲೇ ಹಾಕಿಕೊಂಡು ಹೋಗಿ. ಬಾಡಿಗೆ ಮೊದಲೇ ಕಾಣುತ್ತದೆ, ಕೈಯಲ್ಲಿ ದುಡ್ಡು ಕೊಡಬಹುದು, ಚೌಕಾಸಿ ಇಲ್ಲ. ಉಜ್ಬೇಕ್ ಮತ್ತು ರಷ್ಯನ್ ಭಾಷೆಗಳನ್ನೂ ನಕ್ಷೆಯನ್ನೂ ಇಂಟರ್‌ನೆಟ್ ಇಲ್ಲದೆ ಕೆಲಸ ಮಾಡುವಂತೆ ಇಳಿಸಿಕೊಳ್ಳಿ.

ಮನೆಯವರಿಗೆ ಫೋನ್ ಮಾಡುವ ಹೊತ್ತು ಗೊತ್ತು ಮಾಡಿ. ಅಲ್ಲಿನ ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ, ಅಷ್ಟೇ. ಆದರೆ ಮಲೆನಾಡಿನ ಮನೆಗಳಲ್ಲಿ ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ ಅಲ್ವಾ? ನೀವು ಮರುಭೂಮಿಯಲ್ಲಿ ಚೆನ್ನಾಗಿಯೇ ಇರುತ್ತೀರಿ, ಇಲ್ಲಿ ಅಮ್ಮ ಸಿಗ್ನಲ್ ಇಲ್ಲದೆ ಗಾಬರಿಯಾಗಿರುತ್ತಾರೆ. ಪೇಟೆಯಲ್ಲಿರುವ ಒಬ್ಬ ನೆಂಟರ ನಂಬರ್ ಇಟ್ಟುಕೊಂಡು, ಒಂದು ದಿನ ಫೋನ್ ಬರದಿದ್ದರೆ ಅವರನ್ನು ಕೇಳಿ ಅಂತ ಮೊದಲೇ ಹೇಳಿಡಿ.

ಒಣಗಾಳಿಯಲ್ಲಿ ಮೈ ಕಾಪಾಡಿಕೊಳ್ಳುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮಲ್ಲಿ ಬಿಸಿಲಿಗೆ ನಡೆದರೆ ಅಂಗಿ ಒದ್ದೆಯಾಗುತ್ತದೆ, ಬಾಯಾರಿಕೆ ಗೊತ್ತಾಗುತ್ತದೆ. ಅಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತದೆ. ಮೈ ಒಣಗಿಯೇ ಇರುತ್ತದೆ, ಆದರೆ ಒಳಗಿನ ನೀರು ಖಾಲಿಯಾಗುತ್ತಿರುತ್ತದೆ. ಬಾಯಾರಿಕೆಗೆ ಕಾಯಬೇಡಿ. ಮೂತ್ರದ ಬಣ್ಣ ಗಾಢ ಹಳದಿ ಆದರೆ, ಹಣೆ ಹಿಂಡಿದಂತೆ ತಲೆನೋವು ಬಂದರೆ, ಸುಮ್ಮನೆ ಸಿಟ್ಟು ಬರತೊಡಗಿದರೆ ಅದು ನೀರು ಕಡಿಮೆಯಾದ ಲಕ್ಷಣ. ನೆರಳಿಗೆ ಹೋಗಿ ಕೂತು ಗುಟುಕು ಗುಟುಕಾಗಿ ಕುಡಿಯಿರಿ.

ಬರೀ ನೀರು ಸಾಲದು, ಉಪ್ಪೂ ಬೇಕು. ಓಆರ್‌ಎಸ್ ಪೊಟ್ಟಣ ಊರಿನಿಂದಲೇ ಒಯ್ಯಿರಿ, ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಅಲ್ಲಿ ಐರಾನ್ ಅನ್ನುವ ಉಪ್ಪುಮಜ್ಜಿಗೆ ಸಿಗುತ್ತದೆ, ನಮ್ಮ ಹೊಟ್ಟೆಗೆ ಚೆನ್ನಾಗಿ ಹಿಡಿಸುತ್ತದೆ. ನಲ್ಲಿ ನೀರು ಕುಡಿಯಬೇಡಿ. ಅಂಗಡಿಯಲ್ಲಿ ಬಾಟಲಿ ಕೇಳುವಾಗ ‘ಗಾಜ್‌ಸಿಜ್’ ಅನ್ನಿ, ಇಲ್ಲದಿದ್ದರೆ ಸೋಡಾ ಕೈಗೆ ಬರುತ್ತದೆ. ಎಲ್ಲ ಕಡೆ ಕೊಡುವ ಬಿಸಿ ಹಸಿರು ಚಹಾ ಬೇಡ ಅನ್ನಬೇಡಿ, ಕುದಿಸಿದ ನೀರು ಅದು.

ಮೂಗಿನ ಒಳಗೆ ಒಣಗಿ ರಕ್ತ ಬರಬಹುದು. ರಾತ್ರಿ ಮಲಗುವಾಗ ಮೂಗಿನ ಹೊಳ್ಳೆಯ ಅಂಚಿಗೆ ತೆಳುವಾಗಿ ವ್ಯಾಸಲಿನ್ ಸವರಿ. ತುಟಿಗೂ ಹಿಮ್ಮಡಿಗೂ ಅದೇ. ತುಂಬು ತೋಳಿನ ಹತ್ತಿ ಅಂಗಿ, ಅಗಲ ಅಂಚಿನ ಟೊಪ್ಪಿ, ಧೂಳಿಗೆ ಮುಖ ಮುಚ್ಚಲು ಒಂದು ತೆಳು ಶಾಲು. ಹಗಲು ಸುಟ್ಟರೂ ರಾತ್ರಿ ಚಳಿ ಬೀಳುತ್ತದೆ, ಸ್ವೆಟರ್ ಮರೆಯಬೇಡಿ. ಛತ್ರಿ ಮಾತ್ರ ಮನೆಯಲ್ಲೇ ಇರಲಿ!

ಊಟ

ಮಾಂಸ ತಿನ್ನುವವರಿಗೆ ಸ್ವರ್ಗ. ಮಾಂಸದ ಅನ್ನವಾದ ಪ್ಲೋವ್, ಸರಳಿಗೆ ಚುಚ್ಚಿ ಸುಟ್ಟ ಮಾಂಸದ ಶಾಶ್ಲಿಕ್, ಮಾಂಸ ಹಾಕಿದ ಶಾವಿಗೆಯ ಲಗ್ಮಾನ್ ಎಲ್ಲೆಲ್ಲೂ. ತಿನ್ನದವರು ಮಾತ್ರ ಎಚ್ಚರವಾಗಿರಬೇಕು. ಪ್ಲೋವ್ ಅನ್ನದಿಂದ ಮಾಂಸದ ತುಂಡು ಎತ್ತಿಟ್ಟು ‘ಇದು ಸಸ್ಯಾಹಾರ’ ಅಂತ ಪ್ರೀತಿಯಿಂದ ಕೊಡುವವರಿದ್ದಾರೆ. ತರಕಾರಿ ಸೂಪ್ ಅಂದರೂ ಬುಡದಲ್ಲಿ ಮಾಂಸದ ರಸ ಇರುತ್ತದೆ. ‘ಗೋಷ್ತ್‌ಸಿಜ್’ ಅಂದರೆ ಮಾಂಸವಿಲ್ಲದ್ದು ಅಂತ. ಅದರ ಜೊತೆಗೆ ಮಾಂಸದ ಸಾರು, ಕೊಬ್ಬು ಎರಡೂ ಬೇಡ ಅನ್ನುವುದನ್ನು ಉಜ್ಬೇಕ್‌ನಲ್ಲಿ ಕಾಗದದ ಮೇಲೆ ಬರೆಸಿಕೊಂಡು ತೋರಿಸಿ. ಮೊದಲ ಗೆಸ್ಟ್‌ಹೌಸ್‌ನವರೇ ಬರೆದುಕೊಡುತ್ತಾರೆ.

ಧೈರ್ಯವಾಗಿ ತಿನ್ನಬಹುದಾದ್ದು ಬೇಕಾದಷ್ಟಿದೆ. ತಂದೂರಿನಿಂದ ಆಗತಾನೇ ತೆಗೆದ ನಾನ್ ರೊಟ್ಟಿ, ಟೊಮ್ಯಾಟೊ–ಈರುಳ್ಳಿಯ ಅಚಿಚುಕ್, ಸಿಹಿಗುಂಬಳದ ಸಮ್ಸಾ, ಕೆನೆ, ಬಾದಾಮಿ, ಒಣ ಏಪ್ರಿಕಾಟ್. ಮೊಟ್ಟೆ ತಿನ್ನುವವರು ಖೀವಾದಲ್ಲಿ ತುಖುಮ್ ಬರಾಕ್ ಕೇಳಿ, ಹಿಟ್ಟಿನ ತೆಳು ಹಾಳೆಯೊಳಗೆ ಮೊಟ್ಟೆ ತುಂಬಿ ಬೇಯಿಸಿದ್ದು. ಸಬ್ಬಸಿಗೆ ಸೊಪ್ಪಿನ ಹಸಿರು ಶಾವಿಗೆಯಾದ ಶಿವಿತ್ ಓಶಿಯೂ ಅಲ್ಲಿನದೇ. ಅದರ ಮೇಲೆ ಹಾಕುವ ಮಾಂಸದ ಪಲ್ಯ ಬೇಡ ಅಂದು ಮೊಸರಿನ ಜೊತೆ ತಿನ್ನಬಹುದು.

ಊರಿನಿಂದ ಗಟ್ಟಿ ಅವಲಕ್ಕಿ, ಚಟ್ನಿಪುಡಿ, ಕಷಾಯದ ಪುಡಿ ಒಯ್ಯಿರಿ. ಸಂತೆಯಲ್ಲಿ ಕಾತಿಕ್ ಅನ್ನುವ ಗಟ್ಟಿ ಮೊಸರು ಸಿಗುತ್ತದೆ. ಅವಲಕ್ಕಿ ನೆನೆಸಿ ಮೊಸರು ಕಲಸಿದರೆ ರಾತ್ರಿಯ ಊಟ ಆಯಿತು. ಅಪ್ಪೆಮಿಡಿ ಬೇಕೇ ಬೇಕು ಅನ್ನುವವರು ಸಣ್ಣ ಡಬ್ಬಿಗೆ ಹಾಕಿ, ಎರಡು ಪ್ಲಾಸ್ಟಿಕ್ ಚೀಲ ಸುತ್ತಿ ಚೆಕ್‌ಇನ್ ಬ್ಯಾಗಿನಲ್ಲಿಡಿ. ಕೈಚೀಲದಲ್ಲಿ ಇಟ್ಟರೆ ತಪಾಸಣೆಯಲ್ಲೇ ಹೋಗುತ್ತದೆ. ಭಾರತದ ಅಡುಗೆಯ ಹೋಟೆಲ್‌ಗಳು ತಾಷ್ಕೆಂಟ್‌ನಲ್ಲೂ, ನಮ್ಮ ದೇಶದ ವೈದ್ಯ ವಿದ್ಯಾರ್ಥಿಗಳು ತುಂಬ ಇರುವ ಸಮರ್ಕಂದ್‌ನಲ್ಲೂ ಇವೆ.

ಯಾರ ಮನೆಗಾದರೂ ಕರೆದರೆ ಹೊಸ್ತಿಲಲ್ಲಿ ಚಪ್ಪಲಿ ಬಿಡಿ. ರೊಟ್ಟಿಯನ್ನು ಬೋರಲು ಇಡಬೇಡಿ, ಅವರಿಗೆ ನೋವಾಗುತ್ತದೆ. ಚಹಾ ಅರ್ಧ ಬಟ್ಟಲೇ ಕೊಡುತ್ತಾರೆ. ಅದು ಗೌರವ, ಮತ್ತೆ ಮತ್ತೆ ಹಾಕಿಕೊಡಲಿಕ್ಕೆ.

ಮರುಭೂಮಿಯ ದಿನ

ಒಬ್ಬರೇ ಪ್ರಯಾಣ ಅಂದರೆ ಮರಳಿನಲ್ಲೂ ಒಬ್ಬರೇ ಅಂತ ಅಲ್ಲ. ಇದೊಂದನ್ನು ಮುರಿಯಬೇಡಿ. ಖೀವಾದಿಂದ ಗೆಸ್ಟ್‌ಹೌಸ್‌ನವರ ಮೂಲಕ ಕಾರು, ಚಾಲಕ ಗೊತ್ತು ಮಾಡಿಕೊಳ್ಳಿ. ಇನ್ನೊಬ್ಬ ಪ್ರವಾಸಿ ಸಿಕ್ಕರೆ ಬಾಡಿಗೆ ಹಂಚಿಕೊಳ್ಳಬಹುದು. ಅಮು ದರಿಯಾ ನದಿ ದಾಟಿ, ಉಜ್ಬೇಕಿಸ್ತಾನದೊಳಗೇ ಇರುವ ಕರಕಲ್ಪಕ್‌ಸ್ತಾನದ ಕಡೆ ಹೋದರೆ ಅಯಾಜ್ ಕಲಾ, ತೊಪ್ರಾಕ್ ಕಲಾ ಅನ್ನುವ ಮಣ್ಣಿನ ಕೋಟೆಗಳಿವೆ. ಅಯಾಜ್ ಕಲಾದ ಹಳೆಯ ಗೋಡೆಗಳು ಎರಡು ಸಾವಿರ ವರ್ಷಕ್ಕೂ ಹಿಂದಿನವು. ಒಂದು ಕಾಲಕ್ಕೆ ಈ ಸೀಮೆಗೆ ಕಾಲುವೆಗಳಿಂದ ನೀರು ಬರುತ್ತಿತ್ತು. ಕಾಲುವೆ ಬತ್ತಿದಲ್ಲಿ ಊರೂ ಹೋಯಿತು. ಇದನ್ನು ಗುಡ್ಡದ ಮೇಲೆ ನಿಂತು ಕಣ್ಣಾರೆ ನೋಡಬಹುದು. ಒಂದು ಕಡೆ ಹಸಿರು ಹತ್ತಿ ಹೊಲ, ಇನ್ನೊಂದು ಕಡೆ ಬರೀ ಮರಳು, ಸಕ್ಸಾವುಲ್ ಪೊದೆ.

ಹೊರಡುವ ಮೊದಲು ಮಾಡಬೇಕಾದ್ದು ಇಷ್ಟು. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸ್ ಅನ್ನುವುದನ್ನು ಗೆಸ್ಟ್‌ಹೌಸ್‌ನಲ್ಲಿ ಹೇಳಿ. ಕಾರಿನ ನಂಬರಿನ ಫೋಟೋ ಮನೆಗೆ ಕಳಿಸಿ. ನಿಮ್ಮ ಪಾಲಿಗೇ ನಾಲ್ಕೈದು ಲೀಟರ್ ನೀರು ಕಾರಿನಲ್ಲಿ ಇರಲಿ. ಚಾಲಕನ ಬಾಟಲಿ ಲೆಕ್ಕಕ್ಕಿಲ್ಲ. ಬೆಳಗ್ಗೆ ಬೇಗ ಹೊರಟು, ನಡುಮಧ್ಯಾಹ್ನ ನೆರಳಿನಲ್ಲಿ ಕಳೆಯಿರಿ. ಕಾರು ಕೆಟ್ಟರೆ ಅದರ ಹತ್ತಿರವೇ ಇರಿ. ರಸ್ತೆ ಹುಡುಕಿಕೊಂಡು ನಡೆಯಬೇಡಿ. ಕೋಟೆಯ ಗೋಡೆ ಹತ್ತಬೇಡಿ, ಹಸಿ ಇಟ್ಟಿಗೆ ಕಾಲಡಿಯಲ್ಲೇ ಉದುರುತ್ತದೆ.

ಅಯಾಜ್ ಕಲಾದ ಬುಡದಲ್ಲಿ ಯರ್ಟ್ ಗುಡಾರಗಳ ಬಿಡಾರ ಇದೆ. ಒಂದು ರಾತ್ರಿ ಉಳಿಯುವುದಾದರೆ ಮೊದಲೇ ಹೇಳಿರಬೇಕು, ಊಟಕ್ಕೆ ಮಾಂಸ ಬೇಡ ಅನ್ನುವುದನ್ನೂ ಆಗಲೇ ಹೇಳಿ. ಬೆಳಗ್ಗೆ ಶೂ ಹಾಕುವ ಮುಂಚೆ ಕೊಡವಿ, ಚೇಳು ಇರಬಹುದು. ಟಾರ್ಚ್, ಪವರ್‌ಬ್ಯಾಂಕ್ ಕೈಗೆ ಸಿಗುವಂತಿರಲಿ. ಮರ, ಗುಡ್ಡ, ಮೋಡ ಯಾವುದೂ ಅಡ್ಡ ಬರದ ಆಕಾಶವನ್ನು ನಾವು ಮಲೆನಾಡಿನವರು ನೋಡಿಯೇ ಇರುವುದಿಲ್ಲ. ಅದಕ್ಕಾದರೂ ಒಂದು ರಾತ್ರಿ ಉಳಿಯಿರಿ.

ಹಳೇ ಊರು ನೋಡುವ ಬಗೆ

ಖೀವಾದಲ್ಲಿ ಇಚಾನ್ ಕಲಾ ಅನ್ನುವ ಕೋಟೆಯ ಒಳಗೇ ಕೋಣೆ ಹಿಡಿಯಿರಿ. ಹಗಲು ಬಂದ ಬಸ್ಸಿನ ಜನ ಸಂಜೆಗೆ ಹೋಗಿಬಿಡುತ್ತಾರೆ, ಆಮೇಲೆ ಊರು ಅಲ್ಲಿ ಉಳಿದವರದು. ಜುಮಾ ಮಸೀದಿಯನ್ನು ಬಿಡಬೇಡಿ. ಒಳಗೆ ಇನ್ನೂರಕ್ಕೂ ಹೆಚ್ಚು ಮರದ ಕಂಬಗಳು, ಕೆಲವು ಸಾವಿರ ವರ್ಷದಷ್ಟು ಹಳೆಯವು. ಸಾಗರ–ಸೊರಬದ ಗುಡಿಗಾರರ ಕೆತ್ತನೆ ನೋಡಿದವರು ಒಂದೊಂದು ಕಂಬದ ಹತ್ತಿರವೂ ನಿಲ್ಲುತ್ತಾರೆ. ಮರವೇ ಇಲ್ಲದ ಸೀಮೆಯಲ್ಲಿ ಮರಕ್ಕೆ ಕೊಟ್ಟ ಬೆಲೆ ಅಲ್ಲಿ ಕಾಣುತ್ತದೆ. ನೀಲಿ–ಹಸಿರು ಹೆಂಚಿನ ಕಲ್ತಾ ಮಿನೋರ್ ಗೋಪುರ ಮೊಟಕಾಗಿದೆ. ಕಟ್ಟಿಸುತ್ತಿದ್ದ ಖಾನ 1855ರಲ್ಲಿ ಸತ್ತಮೇಲೆ ಕೆಲಸ ನಿಂತುಹೋಯಿತು.

ಬುಖಾರಾಕ್ಕೆ ಜಾಸ್ತಿ ದಿನ ಇಡಿ. ನನಗೆ ಎಲ್ಲಕ್ಕಿಂತ ಪ್ರಿಯ ಅದೇ. ಸಮರ್ಕಂದ್‌ನಲ್ಲಿ ಹಳೇ ಕಟ್ಟಡಗಳ ನಡುವೆ ಹೊಸ ಊರು ನುಗ್ಗಿದೆ. ಬುಖಾರಾದಲ್ಲಿ ಗಲ್ಲಿಗಳು, ಮನೆಗಳು, ಸಂತೆ ಎಲ್ಲ ಜೊತೆಯಲ್ಲೇ ಉಳಿದಿವೆ. 1127ರ ಕಲ್ಯಾಣ್ ಮಿನಾರನ್ನು ಬೆಳಗಿನ ಎಳೆ ಬಿಸಿಲಿನಲ್ಲಿ ನೋಡಿ, ಇಟ್ಟಿಗೆ ಜೋಡಿಸಿಯೇ ಬಿಡಿಸಿದ ಪಟ್ಟಿಗಳು ನೆರಳು ಬಿದ್ದಾಗ ಎದ್ದು ಕಾಣುತ್ತವೆ. ಹತ್ತನೇ ಶತಮಾನದ ಸಮಾನಿ ಅರಸರ ಗೋರಿ ಚಿಕ್ಕದು. ಅದಕ್ಕೆ ಬಣ್ಣದ ಹೆಂಚೇ ಇಲ್ಲ, ಬರೀ ಇಟ್ಟಿಗೆ. ಅದರ ಸುತ್ತ ಎರಡು ಸಲ ನಡೆಯಿರಿ.

ಆಮೇಲೆ ಲ್ಯಾಬಿ ಹೌಜ್ ಕೊಳದ ದಂಡೆಯಲ್ಲಿ ಹಿಪ್ಪುನೇರಳೆ ಮರದಡಿ ಕೂತು ಚಹಾ ಕುಡಿಯಿರಿ. ಈ ಕೊಳ 1620ರದು. ಹಿಂದೆ ಊರಿನ ತುಂಬ ಇಂಥ ಕೊಳಗಳಿದ್ದವು, ಜನ ಅದರ ನೀರನ್ನೇ ಕುಡಿಯುತ್ತಿದ್ದರು. ಅದರಿಂದ ನಾರುಹುಣ್ಣು ಹರಡುತ್ತಿತ್ತು. ನಮ್ಮ ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳಿಂದ ಹರಡುತ್ತಿದ್ದದ್ದೂ ಇದೇ ರೋಗ. ಸೋವಿಯತ್ ಕಾಲದಲ್ಲಿ ಹೆಚ್ಚಿನ ಕೊಳಗಳನ್ನು ಬತ್ತಿಸಿದರು, ರೋಗ ಹೋಯಿತು. ಪಕ್ಕದಲ್ಲೇ ಗುಮ್ಮಟದ ಸಂತೆಗಳಿವೆ. ಅದರಲ್ಲಿ ತೋಕಿ ಸರ್ರಾಫೋನ್ ನಾಣ್ಯ ಬದಲಿಸುವವರ ಜಾಗ. ಮುಲ್ತಾನಿನ ಕಡೆಯ ಭಾರತೀಯ ವ್ಯಾಪಾರಿಗಳು ಬುಖಾರಾದಲ್ಲಿ ನೆಲೆಸಿ ಲೇವಾದೇವಿ ಮಾಡುತ್ತಿದ್ದ ಕಾಲವೊಂದಿತ್ತು.

ಸಮರ್ಕಂದ್‌ನ ರೇಗಿಸ್ತಾನ್ ಚೌಕಕ್ಕೆ ಎರಡು ಸಲ ಹೋಗಿ, ಬೆಳಗ್ಗೆ ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ. ಎಡಗಡೆಯ ಮದರಸಾ ಉಲುಗ್ ಬೇಗ್ 1417–1420ರಲ್ಲಿ ಕಟ್ಟಿಸಿದ್ದು. ಉಳಿದೆರಡು ಹದಿನೇಳನೇ ಶತಮಾನದವು. ಉಲುಗ್ ಬೇಗ್ ದೊರೆ ಮಾತ್ರವಲ್ಲ, ಖಗೋಳ ಬಲ್ಲವನು. ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಮಾಡಿಸಿದ. 1449ರಲ್ಲಿ ಅವನನ್ನು ಕೊಲ್ಲಿಸಿದ್ದು ಸ್ವಂತ ಮಗ. ಅವನ ವೀಕ್ಷಣಾಲಯದಲ್ಲಿ ನೆಲದೊಳಗೆ ಉಳಿದ ದೊಡ್ಡ ಕಮಾನು 1908ರಲ್ಲಿ ಅಗೆದಾಗ ಸಿಕ್ಕಿತು. ಅಲ್ಲಿಗೂ ಹೋಗಿ, ಹೆಚ್ಚು ಜನ ಇರುವುದಿಲ್ಲ. ಬೀಬಿ ಖಾನುಮ್ ಮಸೀದಿಯನ್ನು ತೈಮೂರ್ ದಿಲ್ಲಿಯ ಮೇಲೆ 1398ರಲ್ಲಿ ದಾಳಿ ಮಾಡಿ ಮರಳಿದ ಮೇಲೆ ಕಟ್ಟಿಸಿದ. ಕಲ್ಲು ಸಾಗಿಸಿದ್ದು ಇಲ್ಲಿಂದ ಹಿಡಿದೊಯ್ದ ಆನೆಗಳು. ಸಕ್ರೆಬೈಲಿನಲ್ಲಿ ಆನೆ ತುಂಗೆಯ ನೀರಿನಲ್ಲಿ ಮಲಗಿ ಮೀಯುವುದನ್ನು ನೋಡಿದವರಿಗೆ, ಆ ಪ್ರಾಣಿಗಳು ಅಲ್ಲಿನ ಚಳಿಗಾಲ ಕಳೆದದ್ದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಒಂದು ದಿನಕ್ಕೆ ದೊಡ್ಡ ಜಾಗ ಎರಡು ಸಾಕು. ಮೂರನೆಯದರಲ್ಲಿ ನೀಲಿ ಹೆಂಚು ಬರೀ ನೀಲಿ ಹೆಂಚಾಗಿ ಕಾಣತೊಡಗುತ್ತದೆ.

ಒಬ್ಬರೇ ಇರುವಾಗ

ಅಲ್ಲಿ ಸಾಮಾನ್ಯವಾಗಿ ಭಯವಿಲ್ಲ. ಪ್ರವಾಸಿಗಳಿಗೇ ಪ್ರತ್ಯೇಕ ಪೊಲೀಸರು ಇದ್ದಾರೆ. ಪೊಲೀಸ್‌ಗೆ 102, ಆಂಬುಲೆನ್ಸ್‌ಗೆ 103. ನಮ್ಮ ರಾಯಭಾರ ಕಚೇರಿ ತಾಷ್ಕೆಂಟ್‌ನಲ್ಲಿದೆ, ಅದರ ನಂಬರ್ ಬರೆದಿಟ್ಟುಕೊಳ್ಳಿ. ತಾಷ್ಕೆಂಟ್‌ನಲ್ಲಿ ಇಳಿಯುವುದು ರಾತ್ರಿಯಾದರೆ ಮೊದಲ ಕೋಣೆಯವರಿಗೆ ಹೇಳಿ ಕಾರು ಕಳಿಸಲು ಕೇಳಿ.

ಒಬ್ಬರೇ ಹೋಗುವ ಹೆಣ್ಣುಮಕ್ಕಳು ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿ, ದರ್ಗಾಗಳಿಗೆ ತಲೆಗೊಂದು ಸ್ಕಾರ್ಫ್ ಇರಲಿ. ಚೂಡಿದಾರ್ ಅಲ್ಲಿ ಚೆನ್ನಾಗಿ ಒಗ್ಗುತ್ತದೆ. ಹಲವರು ಸೇರಿ ಹೋಗುವ ಟ್ಯಾಕ್ಸಿಯಲ್ಲಿ ಹೆಂಗಸರ ಪಕ್ಕ ಕೂರಿ. ಮದುವೆ ಆಗಿದೆಯಾ, ಮಕ್ಕಳೆಷ್ಟು ಅಂತ ಎಲ್ಲರೂ ಕೇಳುತ್ತಾರೆ. ನಮ್ಮೂರ ಬಸ್ಸಿನಲ್ಲಿ ಕೇಳುವ ಹಾಗೆಯೇ, ಕೆಟ್ಟ ಮನಸ್ಸಿನಿಂದಲ್ಲ. ಇಷ್ಟವಿದ್ದರೆ ಹೇಳಿ, ಇಲ್ಲದಿದ್ದರೆ ನಕ್ಕು ಮಾತು ಬದಲಿಸಿ. ಯಾರಾದರೂ ಹಿಂಬಾಲಿಸಿದಂತೆ ಅನಿಸಿದರೆ ಹತ್ತಿರದ ಅಂಗಡಿಯೊಳಗೆ ಹೋಗಿ ಹಿರಿಯ ಹೆಂಗಸಿಗೆ ಹೇಳಿ.

ಬೇಸರ ಬರುವುದು ಸಂಜೆ. ಎರಡು ಮೂರು ದಿನ ಕಳೆದ ಮೇಲೆ, ಹೊಸತರ ಹುಮ್ಮಸ್ಸು ಇಳಿದಾಗ. ಆಗ ಕೋಣೆಯಲ್ಲಿ ಕೂತು ಫೋನ್ ನೋಡಬೇಡಿ. ಚಹಾ ಅಂಗಡಿಗೆ ಹೋಗಿ, ಎದೆಯ ಮೇಲೆ ಕೈಯಿಟ್ಟು ‘ಅಸ್ಸಲೋಮು ಅಲೈಕುಮ್’ ಅನ್ನಿ. ‘ಇಂಡಿಯಾ’ ಅಂದ ಕೂಡಲೇ ಹಿಂದಿ ಸಿನಿಮಾ ನಟರ ಹೆಸರು ಹೇಳಿ ಕೂರಿಸಿಕೊಳ್ಳುತ್ತಾರೆ. ‘ರಹಮತ್’ ಅಂದರೆ ಧನ್ಯವಾದ. ಇಷ್ಟರಲ್ಲೇ ಒಂದು ಸಂಜೆ ಕಳೆಯುತ್ತದೆ. ನಡುವೆ ಒಂದು ದಿನ ಏನನ್ನೂ ನೋಡದೆ ಇರಿ. ಬಟ್ಟೆ ಒಗೆಯಿರಿ, ಮ್ಯಾಜಿಕ್‌ನಂತೆ ಒಣಗುತ್ತವೆ!

ಕೊನೆಯ ಎರಡು ದಿನ ತಾಷ್ಕೆಂಟ್

1966ರ ಏಪ್ರಿಲ್ 26ರ ಭೂಕಂಪದಲ್ಲಿ ಹಳೇ ಊರಿನ ಹೆಚ್ಚಿನ ಭಾಗ ನೆಲಸಮವಾಯಿತು. ಹಾಗಾಗಿ ಇಲ್ಲಿ ನೋಡುವುದು ಹೊಸ ಊರು. 1977ರಲ್ಲಿ ಶುರುವಾದ ಮೆಟ್ರೋದ ನಿಲ್ದಾಣಗಳು ಒಂದೊಂದೂ ಒಂದೊಂದು ಅಲಂಕಾರ. ಮೊದಲು ಫೋಟೋಕ್ಕೆ ನಿಷೇಧವಿತ್ತು, 2018ರಿಂದ ಬಿಟ್ಟಿದ್ದಾರೆ. ಅದೇ ಭೂಕಂಪದ ವರ್ಷದ ಜನವರಿ 11ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ತೀರಿಕೊಂಡದ್ದು ಈ ಊರಿನಲ್ಲೇ. ಅವರ ಹೆಸರಿನ ಬೀದಿ, ಪ್ರತಿಮೆ ಎರಡೂ ಇವೆ. ಒಂದು ಹೂವಿಟ್ಟು ಬನ್ನಿ.

ಕೊಳ್ಳುವುದನ್ನು ಕೊನೆಗೆ ಇಡಿ, ಹೊರುವುದು ನೀವೊಬ್ಬರೇ. ಚೋರ್ಸು ಸಂತೆಯಲ್ಲಿ ಒಣದ್ರಾಕ್ಷಿ, ಏಪ್ರಿಕಾಟ್, ಪಿಸ್ತಾ ರುಚಿ ನೋಡಿ ಕೊಳ್ಳಬಹುದು. ಸುಜಾನಿ ಕಸೂತಿ, ರತ್ನಗಂಬಳಿ ಕೊಂಡಿದ್ದರೆ ಹೊಸದು ಅನ್ನುವ ಬಿಲ್ ಇಟ್ಟುಕೊಳ್ಳಿ. 50 ವರ್ಷಕ್ಕಿಂತ ಹಳೆಯ ವಸ್ತುವನ್ನು ಅನುಮತಿ ಪತ್ರವಿಲ್ಲದೆ ದೇಶದ ಹೊರಗೆ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಹಿಡಿದಿಡುತ್ತಾರೆ. ಉಳಿದ ಸೋಮ್ ಅನ್ನು ಅಲ್ಲೇ ಬ್ಯಾಂಕಿನಲ್ಲಿ ಡಾಲರ್ ಮಾಡಿಕೊಳ್ಳಿ, ಶಿವಮೊಗ್ಗದಲ್ಲಿ ಅದನ್ನು ಬದಲಿಸಿಕೊಡುವವರು ಸಿಗುವುದಿಲ್ಲ. ಗೆಸ್ಟ್‌ಹೌಸ್‌ಗಳ ನೋಂದಣಿ ಚೀಟಿ ಕೊಟ್ಟಿದ್ದರೆ ಪಾಸ್‌ಪೋರ್ಟಿನ ಜೊತೆಗೇ ಇರಲಿ, ವಲಸೆ ಕೌಂಟರ್ ದಾಟುವವರೆಗೂ ಬಿಸಾಡಬೇಡಿ.